ನಮ್ಮ ಬೀದಿಗೆ ಎಷ್ಟು ಮನೆ?

ರಾಜರಾಜೇಶ್ವರಿನಗರದ ಹಳೆಯ ಬಡಾವಣೆಯೊಂದರ ಕ್ಷೇಮಾಭಿವೃದ್ಧಿ ಸಂಘ ಪಾಲಿಕೆಗೆ ಕೊಡಲು ಒಂದು ಮನವಿ ಸಿದ್ಧಪಡಿಸಿತ್ತು. ಬೇಡಿಕೆ ಎರಡೇ. ಬಡಾವಣೆಯೊಳಗೆ ಎರಡು ಮಹಡಿಗಿಂತ ಹೆಚ್ಚು ಕಟ್ಟಲು ಬಿಡಬಾರದು. ಪಿಜಿಗಳಿಗೆ ಪರವಾನಗಿ ಕೊಡಬಾರದು. ಸಹಿ ಹಾಕಲು ಕರೆದ ದಿನ ಮೂವರ ನಡುವೆ ಮಾತು ಬೆಳೆಯಿತು. ಒಬ್ಬರು ಮೂಲೆ ಮನೆಯ ನಿವೃತ್ತ ಮೇಷ್ಟ್ರು. ಇನ್ನೊಬ್ಬರು ಅವರ ಪಕ್ಕದ ಹೊಸ ಕಟ್ಟಡದಲ್ಲಿ ಬಾಡಿಗೆಗಿರುವ ನರ್ಸ್. ಮೂರನೆಯವರು ಸಂಘದ ಕಾರ್ಯದರ್ಶಿ, ವೃತ್ತಿಯಿಂದ ಸಿವಿಲ್ ಎಂಜಿನಿಯರ್. ನಾನು ಬಹುಪಾಲು ಕೇಳಿಸಿಕೊಂಡೆ.

ಮೇಷ್ಟ್ರು: ವಾದ ಆಮೇಲೆ ಮಾಡೋಣ, ಮೊದಲು ಆಗಿದ್ದನ್ನ ಹೇಳಿಬಿಡ್ತೀನಿ. ಪಕ್ಕದ ಸೈಟು ನಲವತ್ತು-ಅರವತ್ತು. ಐದು ಜನ ಇದ್ದ ಒಂದು ಮನೆ ಒಡೆದು ಎಂಟು ಫ್ಲಾಟ್ ಎಬ್ಬಿಸಿದರು. ನೆಲದಲ್ಲಿ ನಮ್ಮ ಕಾಂಪೌಂಡಿಗೂ ಅವರ ಗೋಡೆಗೂ ಎರಡಡಿ ಬಿಟ್ಟಿದ್ದಾರೆ. ಒಂದನೇ ಮಹಡಿಗೆ ಬರ್ತಿದ್ದಂಗೆ ಬಾಲ್ಕನಿ ಅಂತ ಸ್ಲ್ಯಾಬ್ ಒಂದೂವರೆ ಅಡಿ ಹೊರಗೆ ಚಾಚಿದರು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಅದೇ ಬಾಲ್ಕನಿಗೆ ಇಟ್ಟಿಗೆ ಕಟ್ಟಿ, ಕಿಟಕಿ ಇಟ್ಟು ಕೋಣೆಗೆ ಸೇರಿಸಿಕೊಂಡರು. ಎರಡನೇ ಮಹಡಿಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಈಗ ನಮ್ಮ ಅಡುಗೆಮನೆಯಲ್ಲಿ ಹಗಲು ಹನ್ನೆರಡು ಗಂಟೆಗೂ ಲೈಟ್ ಹಾಕಬೇಕು. ಇದು ಬೇಡ ಅಂತ ಕೇಳೋದು ತಪ್ಪಾ?

ನರ್ಸ್: ತಪ್ಪಲ್ಲ ಸರ್. ನಿಮ್ಮ ಅಡುಗೆಮನೆಗೆ ಎದುರಾಗಿರೋದು ನಮ್ಮ ಮಲಗೋ ಕೋಣೆ. ಅಲ್ಲೂ ಅಷ್ಟೇ ಕತ್ತಲು. ಗೋಡೆ ಒದ್ದೆ ಆರೋದೇ ಇಲ್ಲ. ನಿಮಗೆ ಆದ ಅನ್ಯಾಯ ನಮಗೂ ಆಗಿದೆ, ನಾವು ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಬೇರೆ ಕಟ್ತೀವಿ. ಆದರೆ ಈ ಮನವಿಯಲ್ಲಿ ಕತ್ತಲಿನ ಮಾತೇ ಇಲ್ಲವಲ್ಲ. ಕಟ್ಟಡದ ಸುತ್ತ ಬಿಡಬೇಕಾದ ಜಾಗಕ್ಕೆ ಸೆಟ್‌ಬ್ಯಾಕ್ ಅಂತಾರಲ್ಲ, ಆ ಪದ ಹುಡುಕಿದೆ, ಸಿಗಲಿಲ್ಲ. ಮಹಡಿ ಬೇಡ, ಪಿಜಿ ಬೇಡ ಅಂತ ಇದೆ. ಓದಿದಾಗ ನನಗೆ ಅನ್ನಿಸಿದ್ದು, ಕಟ್ಟಿದ ರೀತಿಯ ಮೇಲಲ್ಲ, ಬಂದು ಸೇರಿದ ನಮ್ಮ ಮೇಲೇ ಈ ದೂರು ಅಂತ.

ಎಂಜಿನಿಯರ್: ಹಾಗೆ ಬರೆಯೋ ಉದ್ದೇಶ ಇರಲಿಲ್ಲ.

ನರ್ಸ್: ಇರಲಿಕ್ಕಿಲ್ಲ. ಓದೋರಿಗೆ ಹಾಗೆ ಕೇಳುತ್ತೆ. ನಾನು ಹಾಸನದ ಕಡೆಯವಳು. ನೈಟ್ ಡ್ಯೂಟಿ ರಾತ್ರಿ ಎಂಟಕ್ಕೆ. ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗೋ ಹಾಗಿರಬೇಕು, ಅದಕ್ಕೇ ಇಲ್ಲಿ ಮನೆ ಹುಡುಕಿದ್ದು. 2021ರಲ್ಲಿ ಕೆಂಗೇರಿವರೆಗೆ ರೈಲು ಬಂತು ಅಂತ ಎಲ್ಲರೂ ಖುಷಿಪಟ್ಟರು. ಆ ರೈಲಿನ ಹತ್ತಿರ ಇರೋದಕ್ಕೆ ಜನ ಬರ್ತಾರೆ ಅಂತ ಗೊತ್ತಿರಲಿಲ್ವಾ?

ಮೇಷ್ಟ್ರು: ಗೊತ್ತಿತ್ತಮ್ಮ. ಆದರೆ ಬರೋದಕ್ಕೂ ಒಂದು ಮಿತಿ ಬೇಡವೇ? ಬೆಂಗಳೂರಿಗೆ ಈ ಪಾಠ ಹೊಸದಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆಮೇಲೆಯೇ. ಅಗಲ ರಸ್ತೆ, ಮನೆ ಸುತ್ತ ಖಾಲಿ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಜನರನ್ನ ಹರಡಿ ಕೂರಿಸಿದರೆ ಬದುಕ್ತಾರೆ ಅನ್ನೋ ತಿಳಿವಳಿಕೆ ಅದು. ನಾವೀಗ ತಿರುಗಿ ಪೇಟೆಯ ಇಕ್ಕಟ್ಟಿಗೇ ಹೋಗ್ತಾ ಇದೀವಿ.

ನರ್ಸ್: ನಾನು ಕ್ಷಯ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಿದ್ದೀನಿ. ಮೂವತ್ತು ಹಾಸಿಗೆಯ ವಾರ್ಡ್. ಎದುರುಬದುರು ಕಿಟಕಿ, ಹಾಸಿಗೆಗಳ ನಡುವೆ ಅಂತರ, ಗಾಳಿ ಒಳಗೆ ಬಂದು ಹೊರಗೆ ಹೋಗೋ ದಾರಿ ಇದ್ದರೆ ಮೂವತ್ತು ಜನರೂ ಸುರಕ್ಷಿತ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂರು ಜನ ಇದ್ದರೂ ಅಪಾಯ. ನೀವು ಹೇಳಿದ ಮಲ್ಲೇಶ್ವರದ ಪಾಠ ನನಗೆ ಒಪ್ಪಿಗೆ, ಆದರೆ ಅದು ಗಾಳಿಯ ಪಾಠ ಅಂತ ನಾನು ಓದ್ತೀನಿ.

ಇಲ್ಲಿ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಎಂಜಿನಿಯರ್ ಮನವಿಯ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದರು. ಈ ವಿಷಯದಲ್ಲಿ ಆವೇಶದ ಮಾತು ಎಲ್ಲರ ಬಳಿಯೂ ಇರುತ್ತದೆ. ಚದರಡಿಯ ಲೆಕ್ಕ ಗೊತ್ತಿರುವವರು ಕಡಿಮೆ. ಹಾಗಾಗಿ ಅವರ ಮಾತನ್ನು ಇಡಿಯಾಗಿ ಕೊಡುತ್ತೇನೆ.

ಎಂಜಿನಿಯರ್: ನಮಗೆ ಅನ್ವಯಿಸೋದು 2015ರ ಪರಿಷ್ಕೃತ ಮಹಾಯೋಜನೆ. ಹೆಸರು 2015 ಅಂತಿದ್ದರೂ ಬಿಡಿಎ ತಯಾರಿಸಿದ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ನಮ್ಮಂಥ ಸಣ್ಣ ಸೈಟಿಗೆ, ಮೂವತ್ತಡಿ ರಸ್ತೆಗೆ ಅದು ಕೊಡೋ ಎಫ್‌ಎಆರ್ 1.75. ಅಂದರೆ ಸೈಟಿನ ವಿಸ್ತೀರ್ಣದ ಒಂದೂ ಮುಕ್ಕಾಲು ಪಟ್ಟು ಒಟ್ಟು ಕಟ್ಟಬಹುದು. 2,400 ಚದರಡಿಗೆ 4,200 ಚದರಡಿ. ಸ್ಟಿಲ್ಟ್ ಪಾರ್ಕಿಂಗ್ ಇದರ ಲೆಕ್ಕಕ್ಕೆ ಸೇರಲ್ಲ. ಸಾವಿರ ಚದರಡಿಯ ಫ್ಲಾಟ್ ಆದರೆ ನಾಲ್ಕು. ಪಕ್ಕದಲ್ಲಿ ಎದ್ದಿರೋದು ಎಂಟು. ಹಾಗಾದ್ರೆ ಇರೋ ನಿಯಮ ಪಾಲಿಸಿದ್ದರೇ ಮೇಷ್ಟ್ರ ಕಿಟಕಿಗೆ ಬೆಳಕು ಉಳೀತಿತ್ತು. ಹೊಸ ನಿಯಮ ಬೇಕೇ ಇರಲಿಲ್ಲ. ಇದೇ ಮಹಾಯೋಜನೆ ದೊಡ್ಡ ರಸ್ತೆಯ ದೊಡ್ಡ ನಿವೇಶನಕ್ಕೆ 3.25ರವರೆಗೆ ಕೊಡುತ್ತೆ, ಮೆಟ್ರೋ ನಿಲ್ದಾಣಕ್ಕೆ ತೀರಾ ಹತ್ತಿರ ಇದ್ರೆ 4ರವರೆಗೆ. ಅಂದ್ರೆ ಎಲ್ಲಿ ಎತ್ತರ ಕಟ್ಟಬೇಕು, ಎಲ್ಲಿ ಬೇಡ ಅನ್ನೋ ಯೋಚನೆ ಕಾಗದದಲ್ಲಿ ಇದೆ. ಬೀದಿಗೆ ಇಳಿದಿಲ್ಲ.

ಮೇಷ್ಟ್ರು: ಹಾಗಾದರೆ ನಮ್ಮ ಮನವಿ ಯಾಕೆ ಬೇಡ? ನಿಯಮ ಬಿಗಿ ಮಾಡಿದಷ್ಟೂ ಒಳ್ಳೆಯದಲ್ಲವೇ?

ಎಂಜಿನಿಯರ್: ನಾನೂ ಹಾಗೇ ಅಂದುಕೊಂಡು ಡ್ರಾಫ್ಟ್ ಮಾಡಿದ್ದು. ಆದರೆ ಮುಂಬೈ ನೋಡಿ. 1991ರ ನಿಯಮಾವಳಿಯಲ್ಲಿ ಅವರು ಎಫ್‌ಎಸ್‌ಐ ಅಂತ ಕರೆಯೋ ಇದೇ ಅಳತೆ ಹಳೇ ನಗರಕ್ಕೆ 1.33, ಉಪನಗರಕ್ಕೆ ಬರೀ 1. ನಮಗಿಂತ ಬಿಗಿ. 2011ರ ಜನಗಣತಿಯಲ್ಲಿ ಮುಂಬೈ ಉಪನಗರ ಜಿಲ್ಲೆಯ ಸಾಂದ್ರತೆ ಚದರ ಕಿಲೋಮೀಟರಿಗೆ 20 ಸಾವಿರ ದಾಟಿತ್ತು. ಕಟ್ಟೋ ಜಾಗ ಕಡಿಮೆ ಮಾಡಿದ್ದಕ್ಕೆ ಜನ ಕಡಿಮೆ ಆಗಲಿಲ್ಲ. ಒಂದು ಕೋಣೆಯಲ್ಲಿ ಆರು ಜನ ಮಲಗಿದರು, ಅಷ್ಟೇ.

ನರ್ಸ್: ಇಲ್ಲೂ ಹಾಗೇ ಆಗ್ತಿದೆ. ನಮ್ಮ ಬಡಾವಣೆಗೆ ಅಂಟಿಕೊಂಡಿರೋ ಹಳೇ ಊರಿನ ಗ್ರಾಮಠಾಣೆಗೆ ಹೋಗಿ ನೋಡಿದ್ದೀರಾ? ನನ್ನ ಜೊತೆ ಕೆಲಸ ಮಾಡೋ ಇಬ್ಬರು ಅಲ್ಲಿದ್ದಾರೆ. ಇಪ್ಪತ್ತು-ಮೂವತ್ತರ ಜಾಗದಲ್ಲಿ ಐದು ಮಹಡಿ. ಮೆಟ್ಟಿಲು ಎರಡೂವರೆ ಅಡಿ ಅಗಲ. ಮೇಲಿನ ಮನೆಯಿಂದ ಒಬ್ಬ ಗರ್ಭಿಣಿಯನ್ನ ಸ್ಟ್ರೆಚರ್‌ನಲ್ಲಿ ಇಳಿಸೋಕೆ ಆಗದೆ ಕುರ್ಚಿಯಲ್ಲಿ ಕೂರಿಸಿ ಇಳಿಸಿದ್ದನ್ನ ನಾನೇ ನೋಡಿದ್ದೀನಿ. ಪ್ರತಿ ತಿರುವಿನಲ್ಲೂ ಕುರ್ಚಿ ಓರೆ ಮಾಡಬೇಕಾಯ್ತು. ನಿಮ್ಮ ಬೀದಿಯಲ್ಲಿ ಎರಡೇ ಮಹಡಿ ಅಂದ್ರೆ ಉಳಿದ ಮಹಡಿಗಳು ಅಲ್ಲಿ ಏಳ್ತವೆ.

ಈ ಮಾತು ಬಡಾವಣೆಯವರೆಲ್ಲ ಕೇಳಬೇಕಾದದ್ದು. ನಮ್ಮ ಹೊರವಲಯದ ಬಡಾವಣೆಗಳೆಲ್ಲ ರಾಗಿ ಹೊಲಗಳ ಮೇಲೆ ಎದ್ದವು, ಊರು ಮಾತ್ರ ನಡುವೆ ಉಳಿಯಿತು. ಹೊಲಕ್ಕೆ ಪ್ಲಾನ್ ಬಂತು, ರಸ್ತೆ ಬಂತು, ಪಾರ್ಕ್ ಬಂತು. ಊರಿಗೆ ಅದ್ಯಾವುದೂ ಬರಲಿಲ್ಲ. ಬಡಾವಣೆಯ ಮನೆಗೆಲಸದವರು, ಸೆಕ್ಯುರಿಟಿಯವರು, ಆಸ್ಪತ್ರೆಯ ಕಿರಿಯ ಸಿಬ್ಬಂದಿ ಬದುಕುತ್ತಿರುವುದು ಅಲ್ಲಿ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿ ಬಿಬಿಎಂಪಿ ಮಾಡಿದರು. 2025ರಲ್ಲಿ ಅದನ್ನೇ ಐದು ಪಾಲಿಕೆಗಳಾಗಿ ಒಡೆದರು. ಗ್ರಾಮಠಾಣೆಯ ಮೆಟ್ಟಿಲಿನ ಅಗಲ ಎರಡರಲ್ಲೂ ಬದಲಾಗಲಿಲ್ಲ.

ಮೇಷ್ಟ್ರು: ಜನ ಬರಲಿ ಅಂತಲೇ ಇಟ್ಟುಕೊಳ್ಳೋಣ. ನೀರು? 2024ರ ಬೇಸಿಗೆ ನೆನಪಿದೆಯಲ್ಲ. ಸರ್ಕಾರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದವು ಅಂತ ಅವರೇ ಹೇಳಿದರು. ನಮ್ಮ ಬೋರ್ ಆ ಮಾರ್ಚ್‌ನಲ್ಲಿ ಗಾಳಿ ಎಳೀತು.

ಎಂಜಿನಿಯರ್: ಈ ಪ್ರಶ್ನೆಗೆ ನಾನು ತಲೆಬಾಗ್ತೀನಿ. ನೋಡಿ, ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ 2,400 ಚದರಡಿ ಸೈಟಿನ ಮೇಲೆ ಬೀಳೋದು ಸುಮಾರು 2 ಲಕ್ಷದ 16 ಸಾವಿರ ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಇಟ್ಟರೆ ವರ್ಷಕ್ಕೆ 49 ಸಾವಿರ ಚಿಲ್ಲರೆ. ಒಂದು ಹನಿಯೂ ಪೋಲಾಗದೆ ಹಿಡಿದರೂ ನಾಲ್ಕು ಜನಕ್ಕೆ ಸಾಕು. ಐದು ಜನರ ಹಳೇ ಮನೆ ತನ್ನ ಮಳೆಯಲ್ಲಿ ಹೆಚ್ಚುಕಮ್ಮಿ ಬದುಕಬಹುದಿತ್ತು. ಎಂಟು ಫ್ಲಾಟಿನಲ್ಲಿ ಮೂವತ್ತೆರಡು ಜನ ಅಂದರೆ ವರ್ಷಕ್ಕೆ 15 ಲಕ್ಷ 76 ಸಾವಿರ ಲೀಟರ್ ಬೇಕು. ಮಳೆಯ ಏಳು ಪಟ್ಟು. ಉಳಿದದ್ದು ಕಾವೇರಿಯಿಂದ ಬರಬೇಕು, ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಮೇಲಕ್ಕೆ ಪಂಪ್ ಮಾಡಿಸಿಕೊಂಡು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯ್ತು, ದಿನಕ್ಕೆ 77.5 ಕೋಟಿ ಲೀಟರ್. ಅದು 110 ಹಳ್ಳಿಗಳಿಗೆ ಅಂತ ಮಾಡಿದ್ದು, ಅವರು ಹದಿನೇಳು ವರ್ಷ ಕಾದಿದ್ದರು.

ಮೇಷ್ಟ್ರು: ನೀವೇ ನನ್ನ ವಾದ ಗೆಲ್ಲಿಸಿದಿರಿ.

ಎಂಜಿನಿಯರ್: ಪೂರ್ತಿ ಇಲ್ಲ ಸರ್. ಆ ಮೂವತ್ತೆರಡು ಜನ ನಮ್ಮ ಬೀದಿಗೆ ಬರದೇ ಇದ್ದರೆ ನೀರು ಕುಡಿಯೋದು ಬಿಡ್ತಾರಾ? ತಾವರೆಕೆರೆ ಕಡೆಗೋ, ಬಿಡದಿ ಕಡೆಗೋ ಹೋಗ್ತಾರೆ. ಅಲ್ಲಿ ಎಷ್ಟೋ ಕಡೆ ಕಾವೇರಿ ಪೈಪೂ ಇಲ್ಲ, ಒಳಚರಂಡಿಯೂ ಇಲ್ಲ. ಹೊಸ ಬೋರ್ ಕೊರೀತಾರೆ, ಕೊಳಚೆ ಕೆರೆಗೆ ಬಿಡ್ತಾರೆ, ದಿನಾ ಎರಡು ಗಂಟೆ ಬೈಕ್‌ನಲ್ಲಿ ಇಲ್ಲಿಗೆ ಬಂದು ಹೋಗ್ತಾರೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನ, 2011ರಲ್ಲಿ 96 ಲಕ್ಷ. ಯಾರ ಮನವಿಯೂ ಅದನ್ನ ತಡೀಲಿಲ್ಲ. ನನ್ನನ್ನ ಕಾಡೋದು ನಮ್ಮ ಬೀದಿಯ ಕೊಳಚೆ ಪೈಪು. ಬಳಸಿದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಗೇ ಹೋಗೋದು. ಐದು ಜನರ ಮನೆಯಿಂದ ದಿನಕ್ಕೆ 540 ಲೀಟರ್, ಈ ಎಂಟು ಫ್ಲಾಟಿನಿಂದ 3,456. ಆರಿಂಚಿನ ಆ ಪೈಪು ಒಂಟಿ ಮನೆಗಳಿಗೆ ಅಂತ ಹಾಕಿದ್ದು. ಮಳೆ ಬಂದಾಗ ತಾರಸಿ ನೀರನ್ನೂ ಕಳ್ಳತನದಲ್ಲಿ ಅದಕ್ಕೇ ಬಿಡ್ತಾರೆ. ಮೂಲೆಯ ಮ್ಯಾನ್‌ಹೋಲ್ ಉಕ್ಕೋದು ಅದಕ್ಕೆ. ಅಲ್ಲಿಂದ ರಾಜಕಾಲುವೆ, ಅಲ್ಲಿಂದ ವೃಷಭಾವತಿ.

ನರ್ಸ್: ಹಾಗಾದರೆ ಪೈಪು ದೊಡ್ಡದು ಮಾಡಿ ಅಂತ ಕೇಳಬೇಕಿತ್ತು. ಪ್ಲಾನ್‌ಗೆ ಮಂಜೂರಾತಿ ಕೊಡುವಾಗ ಕಟ್ಟಿಸಿಕೊಳ್ಳೋ ಶುಲ್ಕ ಇದೇ ಬೀದಿಯ ಪೈಪಿಗೆ ಬರಬೇಕು ಅಂತ ಕೇಳಬೇಕಿತ್ತು.

ಎಂಜಿನಿಯರ್: ಹೌದು. ಈಗ ಪ್ರೀಮಿಯಂ ಎಫ್‌ಎಆರ್ ಅಂತ ಬಂದಿದೆ. ಹಣ ಕಟ್ಟಿದರೆ ಇನ್ನಷ್ಟು ವಿಸ್ತೀರ್ಣ. ಆ ಹಣ ಎಲ್ಲಿ ಖರ್ಚಾಗುತ್ತೆ ಅನ್ನೋದು ಮೇಷ್ಟ್ರ ಬೀದಿಗೆ ತಿಳಿಯಲ್ಲ. ಎತ್ತರ ಮಾರಿದ ಬೀದಿಯಲ್ಲೇ ಚರಂಡಿ ಅಗಲ ಆಗಬೇಕು. ಅದನ್ನ ಬರೆಯೋಣ.

ಪಿಜಿಯ ಮಾತು ಬಂದಾಗ ದನಿಗಳು ಏರಿದವು. ಮೇಷ್ಟ್ರ ಅಸಮಾಧಾನ ನಿಜವಾದದ್ದು: ಬೀದಿ ತುಂಬ ಬೈಕುಗಳು, ಮಧ್ಯರಾತ್ರಿಯ ಡೆಲಿವರಿ, ಟ್ಯಾಂಕರ್ ರಿವರ್ಸ್ ತೆಗೆಯುವ ಸದ್ದು. ಎಂಜಿನಿಯರ್ ಒಂದು ವಿಷಯ ತೋರಿಸಿಕೊಟ್ಟರು. ಎಫ್‌ಎಆರ್ ಗೋಡೆಯೊಳಗಿನ ಜಾಗ ಅಳೆಯುತ್ತದೆ, ಜನರನ್ನಲ್ಲ. ಅದೇ 4,200 ಚದರಡಿಯಲ್ಲಿ ನಾಲ್ಕು ಸಂಸಾರವೂ ಇರಬಹುದು, ಐವತ್ತು ಮಂಚವೂ ಇರಬಹುದು. 2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು: ಒಬ್ಬರಿಗೆ ಕನಿಷ್ಠ 70 ಚದರಡಿ, ದಿನಕ್ಕೆ 135 ಲೀಟರ್ ನೀರು. ಜನರ ಎಣಿಕೆ ಅಲ್ಲಿಂದ ಶುರುವಾಗಬೇಕು.

ನರ್ಸ್: ನಾನು ಮದುವೆಗೆ ಮುಂಚೆ ಪಿಜಿಯಲ್ಲಿದ್ದವಳು. ಮುಂಗಡ ಹತ್ತು ತಿಂಗಳದ್ದು ಕೊಡೋ ಶಕ್ತಿ ಇಲ್ಲದ ಹುಡುಗಿಗೆ ಈ ನಗರದಲ್ಲಿ ಬಾಗಿಲು ತೆಗೆಯೋದು ಪಿಜಿ ಒಂದೇ. ಮುಚ್ಚಿ ಅನ್ನಬೇಡಿ. 70 ಚದರಡಿ ಇದೆಯಾ ಅಂತ ಟೇಪ್ ಹಿಡಿದು ಅಳೆಯಿರಿ. ಅಳೆಯೋಕೆ ಬಂದರೆ ಒಳಗಿರೋ ಹುಡುಗಿಯರೇ ಮೊದಲು ಬಾಗಿಲು ತೆಗೀತಾರೆ.

ಮೇಷ್ಟ್ರು: ಅಳೆಯೋರು ಯಾರಮ್ಮ? ಅದೇ ನನ್ನ ನೋವು. ಪಕ್ಕದಲ್ಲಿ ಮೊದಲ ಸ್ಲ್ಯಾಬ್ ಬೀಳುವಾಗಲೇ ದೂರು ಕೊಟ್ಟೆ. ಬಂದರು, ಫೋಟೋ ತೆಗೆದರು, ನೋಟಿಸ್ ಅಂಟಿಸಿದರು. ನೋಟಿಸಿನ ಮೇಲೆ ಬಣ್ಣ ಬಳಿದರು. ನಿಮ್ಮಷ್ಟಕ್ಕೆ ನೀವು ನಿಯಮ ಪಾಲಿಸಿ ನಾಲ್ಕಡಿ ಬಿಟ್ಟು ಕಟ್ಟಿದ್ದರೆ, ಆ ನಾಲ್ಕಡಿಯ ಗಾಳಿ ಪಕ್ಕದವನಿಗೆ. ನನ್ನ ಸೆಟ್‌ಬ್ಯಾಕ್‌ನಲ್ಲಿ ಅವನ ಕಿಟಕಿ ಉಸಿರಾಡುತ್ತೆ. ಹೀಗಾದಾಗ ಮನುಷ್ಯ ಸಿಟ್ಟಿನಲ್ಲಿ ಎಲ್ಲಾ ನಿಲ್ಲಿಸಿ ಅಂತಾನೆ. ನಾನು ಅಂದಿದ್ದು ಹಾಗೆ.

ಮನವಿಯ ಬೇರು ಇಲ್ಲಿತ್ತು ಎಂದು ನನಗನ್ನಿಸಿತು. ಸಾಂದ್ರತೆಯ ಜಗಳ ಎಂದು ನಾವು ಕರೆಯುವುದರಲ್ಲಿ ಬಹುಪಾಲು ನಂಬಿಕೆ ಮುರಿದ ಜಗಳ. 2007ರಲ್ಲೇ ಅಕ್ರಮ-ಸಕ್ರಮಕ್ಕೆ ಕಾನೂನು ಬಂತು. ಮನೆಗಳಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಯನ್ನೂ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದು ಎಂದಾಯಿತು. ಸುಪ್ರೀಂ ಕೋರ್ಟ್ 2017ರಲ್ಲಿ ಅದಕ್ಕೆ ತಡೆ ಕೊಟ್ಟಿತು. ಆದರೆ ಇವತ್ತಲ್ಲ ನಾಳೆ ಸಕ್ರಮವಾಗುತ್ತದೆ ಎಂಬ ಭರವಸೆಯಲ್ಲೇ ಸಾವಿರಾರು ಸ್ಲ್ಯಾಬ್‌ಗಳು ಬಿದ್ದವು. 2024ರ ಅಕ್ಟೋಬರ್‌ನ ಮಳೆಯಲ್ಲಿ ಹೆಣ್ಣೂರಿನ ಬಾಬುಸಾಪಾಳ್ಯದಲ್ಲಿ, ಅನುಮತಿಗಿಂತ ಹೆಚ್ಚು ಮಹಡಿ ಏರಿಸುತ್ತಿದ್ದ ಕಟ್ಟಡವೊಂದು ಕುಸಿದು ಕೂಲಿಕಾರರು ಸತ್ತರು. ಆ ಮಹಡಿಗಳಲ್ಲಿ ಬದುಕಬೇಕಾದವರು ಇನ್ನೂ ಬಂದಿರಲಿಲ್ಲ, ಕಟ್ಟುತ್ತಿದ್ದವರೇ ಹೋದರು.

ನರ್ಸ್: ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆಯಲ್ಲ. ಓಸಿ, ಅಂದ್ರೆ ಸ್ವಾಧೀನಾನುಭವ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂತ.

ಎಂಜಿನಿಯರ್: ಹೌದು. 2025ರಲ್ಲಿ ಬೆಸ್ಕಾಂ, ಜಲಮಂಡಳಿ ಅದನ್ನ ಜಾರಿ ಮಾಡಿದಾಗ ಮನೆ ಕಟ್ಟಿ ಮುಗಿಸಿದವರು ತಾತ್ಕಾಲಿಕ ಕನೆಕ್ಷನ್‌ನಲ್ಲಿ ಒದ್ದಾಡಿದರು. ತಪ್ಪಿತಸ್ಥ ಅಧಿಕಾರಿಗಳ ಮೇಲೂ ಕ್ರಮ ತಗೊಳ್ಳಿ ಅಂತ ಅದೇ ತೀರ್ಪಿನಲ್ಲಿ ಇತ್ತು. ಆ ಭಾಗದ ಬಗ್ಗೆ ಯಾರೂ ಮಾತಾಡಲ್ಲ. ಕಟ್ಟಡ ಮುಗಿದ ಮೇಲೆ ನಲ್ಲಿ ಮುಚ್ಚಿದರೆ ಶಿಕ್ಷೆ ಆಗೋದು ನಿಮಗೆ, ಬಾಡಿಗೆಯವರಿಗೆ. ಬಿಲ್ಡರ್ ಅಷ್ಟರಲ್ಲಿ ಮುಂದಿನ ಸೈಟಿನಲ್ಲಿ ಪಾಯ ತೆಗೀತಿರ್ತಾನೆ. ತಡೀಬೇಕಾದ್ದು ಪಾಯದಲ್ಲಿ. ಪಾಯ ಮುಗಿದಾಗ ಒಮ್ಮೆ, ಪ್ರತಿ ಸ್ಲ್ಯಾಬ್‌ಗೆ ಮುಂಚೆ ಒಮ್ಮೆ ಅಳತೆ. ಮಂಜೂರಾದ ನಕ್ಷೆ ರಸ್ತೆಗೆ ಕಾಣೋ ಹಾಗೆ ಬೋರ್ಡಿನಲ್ಲಿ. ಅಕ್ಕಪಕ್ಕದವರು ತಾವೇ ಟೇಪ್ ಹಿಡಿದು ನೋಡಬಹುದು.

ಮೇಷ್ಟ್ರು: ಬರೆಯಿರಿ ಅದನ್ನ. ಮೊದಲ ಬೇಡಿಕೆ ಅದೇ ಆಗಲಿ.

ಎಂಜಿನಿಯರ್: ಇನ್ನೊಂದು ಮಾತು, ಬೇಜಾರಾಗಬೇಡಿ. ಈ ಮನವಿಗೆ ಈಗಾಗಲೇ ಸಹಿ ಹಾಕಿದವರಲ್ಲಿ ಮೂರು ಜನ ತಮ್ಮ ಸೈಟನ್ನ ಜಂಟಿ ಅಭಿವೃದ್ಧಿಗೆ ಕೊಡೋಕೆ ಬಿಲ್ಡರ್ ಜೊತೆ ಮಾತಾಡ್ತಿದ್ದಾರೆ. ನನ್ನ ಹತ್ತಿರವೇ ನಕ್ಷೆ ತೋರಿಸಿದರು. ಪಕ್ಕದವನು ಕಟ್ಟಬಾರದು, ತಾನು ಕಟ್ಟಬೇಕು ಅನ್ನೋದಾದ್ರೆ ಮನವಿಗೆ ಬೆಲೆ ಇರಲ್ಲ.

ಮೇಷ್ಟ್ರು: ಬೇಜಾರೇನೂ ಇಲ್ಲ. ವಯಸ್ಸಾದವರಿಗೆ ದೊಡ್ಡ ಮನೆ ನೋಡಿಕೊಳ್ಳೋಕೆ ಆಗಲ್ಲ, ಕೊಡ್ತಾರೆ. ನಾಲ್ಕು ಫ್ಲಾಟಿಗೆ ಕೊಡಲಿ, ಎಂಟಕ್ಕೆ ಬೇಡ.

ಹೊಸ ಮನವಿಯ ಕರಡು ಅಲ್ಲೇ ತಯಾರಾಯಿತು. ಸೆಟ್‌ಬ್ಯಾಕ್ ಅಳತೆ, ಶುಲ್ಕದ ಹಣ ಬೀದಿಯ ಪೈಪಿಗೆ, ಪಿಜಿಗೆ 70 ಚದರಡಿ, ಹಳೇ ಊರಿನ ಮೆಟ್ಟಿಲು ಮತ್ತು ಚರಂಡಿಗೆ ಪ್ರತ್ಯೇಕ ಯೋಜನೆ. ಅದರ ಜೊತೆಗೆ ಇಡೀ ನಗರಕ್ಕೆ ಹೊಸ ಮಹಾಯೋಜನೆ ಬೇಕು ಎಂಬ ಒಂದು ವಾಕ್ಯವನ್ನು ನಾನು ಸೇರಿಸಿದೆ. 2031ರ ಕರಡು 2017ರಲ್ಲಿ ಪ್ರಕಟವಾಗಿತ್ತು, ಜನಸಂಖ್ಯೆ 2 ಕೋಟಿ ದಾಟುತ್ತದೆ ಎಂದು ಅಂದಾಜಿಸಿತ್ತು. 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. 2007ರ ಅಳತೆಯಲ್ಲಿ ಈ ನಗರವನ್ನು ಇನ್ನೂ ಹೊಲಿಯುತ್ತಿರುವುದು ನನಗೆ ತೀರಾ ನೋವಿನ ಸಂಗತಿ.

ಒಂದು ಅಂಶ ಮಾತ್ರ ಇತ್ಯರ್ಥವಾಗಲಿಲ್ಲ. ಮೆಟ್ರೋ ಕಡೆಯ ಅಗಲ ರಸ್ತೆಯಲ್ಲಿ ಎತ್ತರದ ಕಟ್ಟಡಗಳಿಗೆ ಬಡಾವಣೆ ಒಪ್ಪಬೇಕು ಎಂದು ನರ್ಸ್ ಮತ್ತು ಎಂಜಿನಿಯರ್ ವಾದಿಸಿದರು. ನನಗೂ ಅದೇ ಸರಿ ಎನ್ನಿಸುತ್ತದೆ. ಜನ ಎಲ್ಲಾದರೂ ಇರಲೇಬೇಕು; ರೈಲು, ನೀರು, ಚರಂಡಿ ಇರುವಲ್ಲಿ ಇರುವುದು ಎಲ್ಲರಿಗೂ ಮೇಲು. ಮೇಷ್ಟ್ರು ಒಪ್ಪಲಿಲ್ಲ.

ಮೇಷ್ಟ್ರು: ಪೈಪು ಹಾಕಿದ ಮೇಲೆ ಕೇಳಿ, ಸಹಿ ಹಾಕ್ತೀನಿ. ಕಟ್ಟಡ ಮೊದಲು, ಚರಂಡಿ ಆಮೇಲೆ ಅನ್ನೋದನ್ನ ಬದುಕಿಡೀ ನೋಡಿದ್ದೀನಿ.

ನರ್ಸ್: ಆ ಮಾತನ್ನೂ ಹಾಗೇ ಬರೆಯೋಣ, ನಿಮ್ಮ ಆಕ್ಷೇಪ ಅಂತ. ಅದಿರಲಿ, ನಾನು ಸಹಿ ಹಾಕಿದರೆ ಲೆಕ್ಕಕ್ಕೆ ಬರುತ್ತಾ?

ಎಂಜಿನಿಯರ್: ಬೈಲಾ ಪ್ರಕಾರ ಸಂಘದ ಸದಸ್ಯರು ಅಂದರೆ ಸೈಟಿನ, ಫ್ಲಾಟಿನ ಮಾಲೀಕರು. ಬಾಡಿಗೆಯವರಿಗೆ ಸದಸ್ಯತ್ವ ಇಲ್ಲ.

ಮೇಷ್ಟ್ರು: ಹಾಗಾದರೆ ಇದು ಬಡಾವಣೆಯ ಮನವಿ ಅಂತ ಹೇಗೆ ಬರೀತೀರಿ? ಅರ್ಧ ಬೀದಿ ಬಾಡಿಗೆಯವರೇ ಇದ್ದಾರೆ. ಬೈಲಾ ತಿದ್ದೋಕೆ ಸರ್ವಸದಸ್ಯರ ಸಭೆ ಕರೀರಿ, ನಾನೇ ಸೂಚಿಸ್ತೀನಿ. ಅದು ಆಗೋವರೆಗೆ ಈಕೆಯ ಹೆಸರಿನ ಮುಂದೆ ನಿವಾಸಿ ಅಂತ ಬರೆದು ಸಹಿ ತಗೊಳ್ಳಿ.

ನರ್ಸ್: ಸಭೆ ಭಾನುವಾರ ಬೆಳಗ್ಗೆ ಇಡೋದಾದ್ರೆ ಹತ್ತು ಗಂಟೆ ಮೇಲೆ ಇಡಿ. ನನ್ನ ಡ್ಯೂಟಿ ಎಂಟಕ್ಕೆ ಮುಗಿಯುತ್ತೆ. ಗ್ರಾಮಠಾಣೆಯ ಇಬ್ಬರನ್ನೂ ಕರ್ಕೊಂಡು ಬರ್ತೀನಿ.